ಗ್ರಾಚ್ಯುಟಿಯ ಲೆಕ್ಕ ನಾನೇ ಹಾಕಿದೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಎಂಟು ತಿಂಗಳು ಲೇತ್ ಯಂತ್ರದ ಮೇಲೆ ದುಡಿದು, ತಂದೆಯವರ ಅನಾರೋಗ್ಯದ ಕಾರಣಕ್ಕೆ ರಾಜೀನಾಮೆ ಕೊಟ್ಟೆ. ಬಾಕಿ ಸಂಬಳ ಬಂತು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಮಾಲೀಕರು ಕೊಡಬೇಕಾದ ಹಣ, ಎಂದು ಮುಂದಿಟ್ಟ ಹಾಳೆಯಲ್ಲಿ ಮಾತ್ರ 62,400 ರೂಪಾಯಿ ಎಂದಿತ್ತು. ಅದರ ಕೆಳಗೆ, ಇನ್ನು ಯಾವ ಬಾಕಿಯೂ ಇಲ್ಲ ಎಂಬ ಸಾಲು ಮತ್ತು ನನ್ನ ಸಹಿಗೆ ಜಾಗ. “ನೀವಾಗಿಯೇ ಬಿಟ್ಟು ಹೋಗುತ್ತಿದ್ದೀರಿ, ಇಷ್ಟು ಕೊಡುತ್ತಿರುವುದೇ ಹೆಚ್ಚು” ಎಂದರು ಮ್ಯಾನೇಜರ್. ನಾನು ಸಹಿ ಹಾಕಲಿಲ್ಲ. ಹಾಳೆಯ ಫೋಟೊ ತೆಗೆದುಕೊಂಡು ಹೊರಟೆ.

ಗ್ರಾಚ್ಯುಟಿ ಮಾಲೀಕರು ಮನಸ್ಸು ಬಂದರೆ ಕೊಡುವ ಇನಾಮಲ್ಲ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ ಪ್ರಕಾರ ಐದು ವರ್ಷ ನಿರಂತರ ಸೇವೆ ಮಾಡಿದವರು ರಾಜೀನಾಮೆ ಕೊಟ್ಟರೂ ಅದಕ್ಕೆ ಹಕ್ಕುದಾರರು. ಕಾರ್ಮಿಕ ಮರಣ ಹೊಂದಿದರೆ ಅಥವಾ ಅಂಗವಿಕಲನಾದರೆ ಆ ಐದು ವರ್ಷದ ಷರತ್ತೂ ಇಲ್ಲ. ನಾವು ಅರ್ಜಿ ಕೊಡಲಿ, ಬಿಡಲಿ, ಮೊತ್ತವನ್ನು ಲೆಕ್ಕಹಾಕಿ ಲಿಖಿತವಾಗಿ ತಿಳಿಸುವ ಹೊಣೆ ಮಾಲೀಕರದೇ. ಮೂವತ್ತು ದಿನಗಳೊಳಗೆ ಹಣವನ್ನೂ ಕೊಡಬೇಕು. ಇದನ್ನು ಓದಿದ ಮೇಲೆ ನನ್ನ ಅಳುಕು ಹೋಯಿತು.

ರಾತ್ರಿ ಕುಳಿತು ಲೆಕ್ಕ ಹಾಕಿದೆ. ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನ ಎಂಬುದು ಕಾಯ್ದೆಯ ಸೂತ್ರ. ನನ್ನ ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,600 ರೂಪಾಯಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 600. ಹದಿನೈದು ದಿನಕ್ಕೆ 9,000. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದು ಪೂರ್ಣ ವರ್ಷವೆಂದೇ ಎಣಿಕೆ. ಹಾಗಾಗಿ ನನ್ನ ಸೇವೆ ಹತ್ತು ವರ್ಷ, ಮೊತ್ತ 90,000. ಅವರು 26ರ ಬದಲು 30ರಿಂದ ಭಾಗಿಸಿದ್ದರು, ಎಂಟು ತಿಂಗಳನ್ನು ಬಿಟ್ಟಿದ್ದರು. ಕೈ ಮುರಿದು ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ರಜೆಯಲ್ಲಿದ್ದ ವರ್ಷವನ್ನು ಪೂರ್ತಿಯಾಗಿಯೇ ಕಳೆದಿದ್ದರು. ನನಗೆ ತಡೆಯಲಾಗದ ಸಿಟ್ಟು ಬಂದದ್ದು ಈ ಮೂರನೆಯದಕ್ಕೆ. ಕಾಯಿಲೆ, ಅಪಘಾತ, ರಜೆಗಳಿಂದ ಸೇವೆಯ ನಿರಂತರತೆ ಕಡಿಯುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತಿತ್ತು.

ಗ್ರಾಚ್ಯುಟಿ ಕೇಳುವ ‘ಐ’ ನಮೂನೆಯ ಅರ್ಜಿಯನ್ನು ಈ ಲೆಕ್ಕದೊಂದಿಗೆ ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ತಲುಪಿದ ಸ್ವೀಕೃತಿ ಬಂತು, ಉತ್ತರ ಬರಲಿಲ್ಲ. ಆಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ, ಗ್ರಾಚ್ಯುಟಿ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರಿಗೆ ‘ಎನ್’ ನಮೂನೆಯಲ್ಲಿ ಅರ್ಜಿ ಕೊಟ್ಟೆ. ಇದಕ್ಕೆ ಆಗ ತೊಂಬತ್ತು ದಿನಗಳ ಗಡುವಿತ್ತು. ಸರಿಯಾದ ಕಾರಣವಿದ್ದರೆ ತಡವಾದದ್ದನ್ನೂ ಮನ್ನಿಸುತ್ತಿದ್ದರು. ವಕೀಲರನ್ನು ಇಟ್ಟುಕೊಳ್ಳಲಿಲ್ಲ.

ವಿಚಾರಣೆಯಲ್ಲಿ ನನ್ನ ಕೈ ಹಿಡಿದದ್ದು ಪಿಎಫ್ (ಭವಿಷ್ಯನಿಧಿ) ಪಾಸ್‌ಬುಕ್. ಸೇರಿದ ತಿಂಗಳಿಂದ ಬಿಟ್ಟ ತಿಂಗಳವರೆಗೆ ಪ್ರತಿ ವಂತಿಗೆಯೂ ಅದರಲ್ಲಿತ್ತು. ಕಂಪನಿಯೇ ಕಟ್ಟಿದ ಹಣವಾದ್ದರಿಂದ ಸೇವೆಯ ಅವಧಿಯ ಬಗ್ಗೆ ಅವರು ತಕರಾರು ಎತ್ತುವಂತಿರಲಿಲ್ಲ. ಇಎಸ್ಐ ವೈದ್ಯರ ಪ್ರಮಾಣಪತ್ರ, ಕೊನೆಯ ಮೂರು ಸಂಬಳದ ಚೀಟಿ, ರಾಜೀನಾಮೆಯನ್ನು ಅಂಗೀಕರಿಸಿದ ಪತ್ರ ಇವನ್ನೂ ಕೊಟ್ಟೆ. ತಡವಾದ ಹಣಕ್ಕೆ ವರ್ಷಕ್ಕೆ ಶೇಕಡ 10ರ ಸರಳ ಬಡ್ಡಿ, ಅಂದರೆ ನನ್ನ ಲೆಕ್ಕದಲ್ಲಿ ತಿಂಗಳಿಗೆ 750 ರೂಪಾಯಿ ಏರುತ್ತಲೇ ಇತ್ತು. ಅದನ್ನು ಅಧಿಕಾರಿ ಕಂಪನಿಯ ಪ್ರತಿನಿಧಿಗೆ ವಿವರಿಸಿದ ಬಳಿಕ ಮಾತುಕತೆಯ ಧಾಟಿಯೇ ಬದಲಾಯಿತು. ಆದೇಶ ಬರುವ ಮೊದಲೇ 90,000 ರೂಪಾಯಿ ಮತ್ತು ಅದರ ಬಡ್ಡಿಗೆ ಚೆಕ್ ಕೊಟ್ಟರು. ನಾನು ಸಹಿ ಹಾಕಿದ್ದು ಆಗಲೇ.

ನನ್ನ ಪ್ರಕರಣ ಹಳೆಯ ಕಾಯ್ದೆಯಡಿ ಮುಗಿಯಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಈಗ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಿಗುತ್ತದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನದ ಲೆಕ್ಕಕ್ಕೆ ಸೇರುತ್ತದೆ. ಮೂಲವೇತನವನ್ನು ಕಿರಿದು ಮಾಡಿ ಭತ್ಯೆಗಳನ್ನು ಹಿಗ್ಗಿಸಿದ ಸಂಬಳದ ಚೀಟಿ ನಿಮ್ಮ ಕೈಯಲ್ಲಿದ್ದರೆ, ಲೆಕ್ಕವನ್ನು ಮೊದಲು ಅಲ್ಲಿಂದಲೇ ಶುರುಮಾಡಿ.