ಗುಡ್ಡದಾಚೆಯ ಮಿಷನ್ ಸದ್ದು

ಜನವರಿ ಮುಗಿದು ಅಡಿಕೆ ಒಲೆಯ ಬೆಂಕಿ ಆರಿದ ಮೇಲೆ ನಮ್ಮೂರಿನಲ್ಲಿ ಮಿಷನ್ ಸದ್ದು ಶುರುವಾಗುತ್ತದೆ. ಕಳೆ ಹೊಡೆಯುವುದು ಕಳೆ ಮಿಷನ್, ಅಡಿಕೆ ಸುಲಿಯುವುದು ಸುಲಿಯೋ ಮಿಷನ್. ಬರೀ ‘ಮಿಷನ್’ ಎಂದರೆ ಮರ ಕೊಯ್ಯುವ ಚೈನ್ ಸಾ. ಇಬ್ಬನಿ ಕರಗುವ ಹೊತ್ತಿಗೆ ಗುಡ್ಡದಾಚೆಯಿಂದ ಮೊದಲ ಸದ್ದು ಬರುತ್ತದೆ. ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತೇ ಅದು ಯಾರದೆಂದು ಹೇಳುತ್ತೇನೆ. ಕೆಳಮನೆ ಅಣ್ಣನದು ದೊಡ್ಡ ಮಿಷನ್, ದಪ್ಪ ದನಿ. ಮೇಲಿನಮನೆ ಭಾವನದು ಸ್ಟಾರ್ಟ್ ಆಗುವಾಗ ಎರಡು ಸಲ ಕೆಮ್ಮಿ ಆಮೇಲೆ ಹಿಡಿಯುತ್ತದೆ. ನನ್ನದನ್ನೂ ಅವರು ಹೀಗೇ ಗುರುತಿಸುತ್ತಾರೆ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗೆ ಸರಿದ ಊರು ನಮ್ಮದು. ಮೂರು ಎಕರೆ ತೋಟ. ಹಣ್ಣಾಗಿ ಗೋಟಾಗಲು ಬಿಡದೆ ಹಸಿರಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ, ಬೇಯಿಸಿದರೆ ಕೆಂಪಡಿಕೆ. ಕೊಯ್ಲಿನ ದಿನಗಳಲ್ಲಿ ಆ ತಾಮ್ರದ ಹಂಡೆಯ ಅಡಿ ತಣ್ಣಗಾಗುವುದೇ ಇಲ್ಲ. ಬಚ್ಚಲ ಒಲೆಯಂತೂ ವರ್ಷವಿಡೀ ಉರಿಯಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಹೊರಗಿನ ಒಂದು ಚಕ್ಕೆಯೂ ಹೊತ್ತಿಕೊಳ್ಳುವುದಿಲ್ಲ. ಹಾಗಾಗಿ ಮೇ ಒಳಗೆ ಮೂರು ಟ್ರ್ಯಾಕ್ಟರ್ ಲೋಡು ಒಣಸೌದೆ ಕೊಟ್ಟಿಗೆ ಸೇರಿರಬೇಕು. ಇದು ಅಪ್ಪನ ಕಾಲದ ಲೆಕ್ಕ, ಇವತ್ತಿಗೂ ಬದಲಾಗಿಲ್ಲ.

ಅಪ್ಪನ ಕಾಲದಲ್ಲಿ ಇದ್ದದ್ದು ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸ. ಗದ್ದೆಮನೆ ಚಿಕ್ಕಯ್ಯ ಪ್ರಾಯದಲ್ಲಿ ಆ ಗರಗಸದ ಒಂದು ತುದಿ ಹಿಡಿದವರು. ‘ಎಳೆಯೋದಷ್ಟೇ ನಿನ್ನ ಕೆಲಸ, ತಳ್ಳಬಾರದು. ಆಚೆಯವನು ಎಳ್ಕೊಳ್ತಾನೆ’ ಎಂದು ನನಗೆ ಹತ್ತು ವರ್ಷದವನಿದ್ದಾಗ ಹೇಳಿಕೊಟ್ಟಿದ್ದರು. ತಳ್ಳಿದರೆ ಅಲಗು ಬಾಗಿ ಮರದೊಳಗೆ ಸಿಕ್ಕಿಕೊಳ್ಳುತ್ತಿತ್ತು. ಎದುರು ಕೂತವನ ಉಸಿರಿಗೆ ನಮ್ಮ ಉಸಿರು ಕೂಡಿದರೆ ಮಾತ್ರ ಅದು ಹರಿಯುವುದು.

ನಾನು ಮಿಷನ್ ತಂದದ್ದು 2011ರಲ್ಲಿ. ಕೂಲಿಗೆ ಜನ ಸಿಗುವುದು ಕಷ್ಟವಾಗಿತ್ತು. ಮೊದಲು ಕಡಿಮೆ ಬೆಲೆಯದ್ದೊಂದು ತಂದು, ಎರಡನೇ ಬೇಸಿಗೆಗೇ ಅದರ ಪಿಸ್ಟನ್ ಗೀರು ಬಿದ್ದು ಹೋಯಿತು. ತಪ್ಪು ಅರ್ಧ ನನ್ನದೇ. ಎಣ್ಣೆ ಬೆರೆಸುವಾಗ ಕಣ್ಣಂದಾಜು ಮಾಡುತ್ತಿದ್ದೆ. ಆಮೇಲೆ ಸ್ಟಿಲ್ ಕಂಪನಿಯ ಸಣ್ಣ ಮಿಷನ್ ತಂದೆ. ಸುಮಾರು 32 ಸಿಸಿ ಎಂಜಿನ್, ಚೈನು ಸುತ್ತಿ ಓಡುವ ಪಟ್ಟಿ, ಅಂದರೆ ಬಾರ್, 16 ಇಂಚು, ತೂಕ ಹೆಚ್ಚುಕಡಿಮೆ 4 ಕೆಜಿ. ಅದೇ ಇವತ್ತಿಗೂ ಇದೆ. ಒಳ್ಳೆಯ ಟು-ಸ್ಟ್ರೋಕ್ ಎಣ್ಣೆಯಾದರೆ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ. ಮಕ್ಕಳಿಗೆ ಔಷಧಿ ಅಳೆಯುವ ಮುಚ್ಚಳದಲ್ಲೇ ಅಳೆದು ಹಾಕುತ್ತೇನೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಬೆರೆಸಿಟ್ಟದ್ದನ್ನು ತಿಂಗಳುಗಟ್ಟಲೆ ಇಡುವುದಿಲ್ಲ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ. ಮಳೆ ಹಿಡಿಯುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದು ಉರಿದು ತಾನಾಗಿ ಆಫ್ ಆಗುವವರೆಗೆ ಓಡಿಸಿ, ಅಟ್ಟಕ್ಕೆ ಏರಿಸುತ್ತೇನೆ.

ಆದರೆ ನಿಜವಾದ ಪಾಠ ಎಂಜಿನ್‌ದಲ್ಲ, ಹಲ್ಲಿನದು. ಮೊದಲ ವರ್ಷ ನನ್ನ ಚೈನು ಅರ್ಧ ಗಂಟೆಗೇ ಮೊಂಡಾಗುತ್ತಿತ್ತು. ಮೊಂಡಾದಷ್ಟೂ ನಾನು ಒತ್ತುತ್ತಿದ್ದೆ, ಒತ್ತಿದಷ್ಟೂ ಹೊಗೆ. ಒಂದು ದಿನ ಚಿಕ್ಕಯ್ಯ ಹಾಳೆ ಟೋಪಿ ಹಾಕಿಕೊಂಡು ಕವಳ ಜಗಿಯುತ್ತ ಬಂದವರು, ನಾನು ಕೊಯ್ದ ಜಾಗದಿಂದ ಒಂದು ಹಿಡಿ ಹೊಟ್ಟು ಎತ್ತಿ ಅಂಗೈಯಲ್ಲಿ ಉಜ್ಜಿದರು. ‘ಇದು ರಾಗಿಹಿಟ್ಟು. ಬರಬೇಕಾದ್ದು ಅವಲಕ್ಕಿ’ ಎಂದರು. ಅವರು ಅದುವರೆಗೆ ಚೈನ್ ಸಾ ಮುಟ್ಟಿದವರೇ ಅಲ್ಲ. ಆದರೆ ಗರಗಸದ ಹಲ್ಲು ತಿದ್ದಿದ ಕೈ.

ಬಾರನ್ನು ಒಂದು ಕೊರಡಿನ ಸೀಳಿಗೆ ಸಿಗಿಸಿ ಅಲ್ಲಾಡದಂತೆ ಮಾಡಿಸಿದರು. ಮಿಷನ್ ಆಫ್ ಮಾಡಿಸಿ, ಒಂದೊಂದೇ ಹಲ್ಲನ್ನು ಬಿಸಿಲಿಗೆ ತಿರುಗಿಸಿ ನೋಡಲು ಹೇಳಿದರು. ಮೊಂಡಾದ ಹಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಮಿನುಗುತ್ತದೆ. ಹರಿತವಾದ ಅಂಚು ಮಿನುಗುವುದಿಲ್ಲ, ಬೆಳಕು ಅದರ ಮೇಲೆ ನಿಲ್ಲುವುದಕ್ಕೆ ಜಾಗವೇ ಇರುವುದಿಲ್ಲ. ಆ ಬಿಳಿ ಗೆರೆ ಹೋಗುವವರೆಗೆ ಅರ ಹಾಕು, ಅದಕ್ಕಿಂತ ಒಂದು ಎಳೆತವೂ ಹೆಚ್ಚು ಬೇಡ. ನನ್ನ ಚೈನಿಗೆ 4 ಮಿಲಿಮೀಟರಿನ ದುಂಡು ಅರ. ಹಲ್ಲಿನ ಮೇಲೆ ಕೊರೆದಿರುವ 30 ಡಿಗ್ರಿ ಗೆರೆಗೆ ಅದನ್ನು ಹೊಂದಿಸಿಕೊಂಡು, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು. ಎಡದ ಹಲ್ಲಿಗೆ ಮೂರು ಸಲ ತಳ್ಳಿದರೆ ಬಲದ್ದಕ್ಕೂ ಮೂರೇ. ಒಂದು ಕಡೆ ಹೆಚ್ಚಾದರೆ ಮಿಷನ್ ನೇರ ಇಳಿಯದೆ ಬಾಳೆಕಾಯಿಯ ಹಾಗೆ ಬಾಗಿ ಕೊಯ್ಯುತ್ತದೆ. ಪ್ರತಿ ಹಲ್ಲಿನ ಮುಂದೆ ಇರುವ ಸಣ್ಣ ದಿಣ್ಣೆ, ಹಲ್ಲು ಎಷ್ಟು ಆಳ ಕಚ್ಚಬೇಕು ಎಂದು ನಿರ್ಧರಿಸುವುದು ಅದೇ. ನಾಲ್ಕೈದು ಸಲ ಅರ ಹಾಕಿದ ಮೇಲೆ ಅದನ್ನೂ ಚಪ್ಪಟೆ ಅರದಿಂದ ತೆಗೆಯಬೇಕು. ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕು. ಇದನ್ನು ಮಾತ್ರ ಚಿಕ್ಕಯ್ಯ ಹೇಳಿದ್ದಲ್ಲ, ಕೈಪಿಡಿ ನೋಡಿ ನಾನು ಅವರಿಗೆ ಹೇಳಿದೆ. ಎರಡು ನಿಮಿಷ ಆ ದಿಣ್ಣೆಯನ್ನೇ ನೋಡಿ, ‘ದುರಾಸೆಗೆ ಲಗಾಮು’ ಎಂದರು.

ಈ ಹಲ್ಲು ಕಂಡುಹಿಡಿದವನು ಅಮೆರಿಕದ ಒರೆಗಾನ್ ಕಡೆ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್. 1946ರಲ್ಲಿ ಒಂದು ಬೊಡ್ಡೆಯಲ್ಲಿ ಮರ ಕೊರೆಯುವ ಹುಳುವನ್ನು ನೋಡುತ್ತ ನಿಂತನಂತೆ. ಅದು ತನ್ನ ಎರಡು ಬಾಗಿದ ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತ, ಉದ್ದಕ್ಕೂ ಅಡ್ಡಕ್ಕೂ ಸರಾಗವಾಗಿ ಕೊರೆದು ಹೋಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ ಮರುವರ್ಷ ಚೈನಿನ ಕಂಪನಿ ತೆರೆದ. ಸೌದೆ ಸೀಳುವಾಗ ನಮ್ಮ ಕೊಡಲಿಯ ಕೆಳಗೂ ಅಂಥ ಬಿಳಿ ಹುಳು ಸಿಗುತ್ತದೆ. ಕೋಳಿಗೆ ಹಾಕುವ ಮೊದಲು ಅದರ ಬಾಯಿಯನ್ನು ಮಗಳಿಗೆ ತೋರಿಸಿದ್ದೇನೆ.

ನಾವು ಐದು ಮನೆಯವರು ಮುಯ್ಯಾಳಿನ ಲೆಕ್ಕದಲ್ಲಿ ಕೊಯ್ಯುತ್ತೇವೆ. ಇವತ್ತು ನಿಮ್ಮಲ್ಲಿ, ನಾಳೆ ನಮ್ಮಲ್ಲಿ. ಮುಯ್ಯಿಗೆ ಮುಯ್ಯಿ, ದುಡ್ಡಿನ ಮಾತಿಲ್ಲ. ಐದು ಮನೆಗೆ ಮೂರು ಮಿಷನ್. ಯಾರ ಮನೆಯ ಕೆಲಸವೋ ಅವರು ಪೆಟ್ರೋಲ್ ಹಾಕಿಸಬೇಕು, ಹತ್ತು ಗಂಟೆಗೆ ಅವಲಕ್ಕಿ-ಮಜ್ಜಿಗೆ, ಮಧ್ಯಾಹ್ನದ ಊಟ. ಇಬ್ಬರು ಕೊಯ್ಯುವವರು, ಒಬ್ಬ ಅಳತೆ ಕೋಲು ಹಿಡಿದು ಸುಣ್ಣದಲ್ಲಿ ಗುರುತು ಹಾಕುವವ, ಉಳಿದವರು ಸೀಳುವುದು, ಹೊರುವುದು. ಅಡಿಕೆ ಒಲೆಗೆ ಮೂರಡಿ ತುಂಡು, ಬಚ್ಚಲಿಗೆ ಒಂದೂವರೆ ಅಡಿ. ಗುರುತು ಹಾಕುವವನದು ಹಗುರ ಕೆಲಸ ಎಂದು ಹೊಸಬರು ತಿಳಿಯುತ್ತಾರೆ. ಅವನ ಕಣ್ಣು ಕೋಲಿನ ಮೇಲಷ್ಟೇ ಅಲ್ಲ, ಕೊಯ್ಯುವವನ ತಲೆಯ ಮೇಲಿನ ಕೊಂಬೆಯ ಮೇಲೂ ಇರಬೇಕು. ಮಿಷನ್ ಹಿಡಿದವನಿಗೆ ಕಿವಿ ಕೇಳಿಸುವುದಿಲ್ಲ, ಕಣ್ಣು ಬಾರಿನ ಮೇಲೆ. ಅವನ ಕಿವಿಯೂ ಕಣ್ಣೂ ಇನ್ನೊಬ್ಬನೇ ಆಗಬೇಕು.

ಕೊಯ್ಯುವುದು ಹೆಚ್ಚಾಗಿ ಗಾಳಿಗೆ ಬಿದ್ದದ್ದು, ಒಣಗಿದ್ದು, ಬೇಲಿ ಸಾಲಿನ ಸಿಲ್ವರ್ ಓಕ್. ಸ್ವಂತ ಜಮೀನಿನ ಮರವಾದರೂ 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಇಲಾಖೆಯ ಅನುಮತಿ ಬೇಕು, ಸಿಲ್ವರ್ ಓಕ್‌ನಂಥ ಕೆಲವು ಜಾತಿಗೆ ಮಾತ್ರ ವಿನಾಯಿತಿ. ನಿಂತ ಮರ ಕೆಡಹುವಾಗ ಬೀಳಬೇಕಾದ ಕಡೆ ಬಾಯಿ ತೆಗೆದು, ಹಿಂದಿನಿಂದ ಸ್ವಲ್ಪ ಮೇಲೆ ಕೊಯ್ದು, ನಡುವೆ ಒಂದು ಪಟ್ಟಿ ಉಳಿಸುತ್ತೇವೆ. ಅದೇ ಕೀಲು. ಒಂದೂವರೆ ಅಡಿ ದಪ್ಪದ ಮರಕ್ಕೆ ಹೆಚ್ಚುಕಡಿಮೆ ಎರಡು ಇಂಚು. ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಮರ ಅದರ ಮೇಲೆ ತಿರುಗಿ ಬೀಳುತ್ತದೆ. ಪೂರ್ತಿ ಕೊಯ್ದುಬಿಟ್ಟರೆ ಎತ್ತ ಹೋಗಬೇಕೆಂದು ಮರವೇ ತೀರ್ಮಾನಿಸುತ್ತದೆ.

ಬಿದ್ದ ಮರ ಸುಲಭ ಎನ್ನುವವರಿಗೆ ನಾನು ಬೇರು ತೋರಿಸುತ್ತೇನೆ. ಬುಡಸಮೇತ ಕಿತ್ತು ಬಿದ್ದ ಮರದ ಬೇರಿನ ಗುಂಡಿಯಲ್ಲಿ ಮಕ್ಕಳು ಇಳಿದು ಆಡುತ್ತಾರೆ. ಕಾಂಡ ಕೊಯ್ದ ಕೂಡಲೇ ಭಾರ ತಪ್ಪಿ ಬೇರಿನ ಗೋಡೆ ಪೂರ್ತಿ ಹಿಂದಕ್ಕೆ ಬಂದು ಗುಂಡಿಯಲ್ಲಿ ಕೂರುತ್ತದೆ. ನಾವು ಮಿಷನ್ ಎಳೆಯುವ ಮೊದಲು ಒಬ್ಬ ಆ ಗುಂಡಿ ನೋಡಿ ಬಂದೇ ಬರಬೇಕು.

ಇನ್ನು ಹೊಲಗೇರು ಮರ. ಅದರ ರಸ ತಾಗಿದರೆ ಮೈಯೆಲ್ಲ ಬೊಬ್ಬೆ. ಚೈನು ಅದನ್ನು ಹೊಟ್ಟಿನ ಜೊತೆ ಮುಖಕ್ಕೇ ಎರಚುತ್ತದೆ. ಮೇಲಿನಮನೆ ಭಾವ ಒಮ್ಮೆ ಹಾಗಾಗಿ ಎಂಟು ದಿನ ಕಣ್ಣು ಬಿಡಲಿಲ್ಲ. ಊರ ಹಿರಿಯರು ತಾರೆ ಮರಕ್ಕೆ ಸುತ್ತು ಬರಲು ಹೇಳಿದರು, ಅವರು ಬಂದರು, ಆಸ್ಪತ್ರೆಗೂ ಹೋದರು. ಆ ಎಂಟು ದಿನ ಅವರ ದನ ಕರೆದವರು ಕೆಳಮನೆಯವರು. ಈಗ ತೊಗಟೆಯಲ್ಲಿ ಕಪ್ಪು ಸೋರಿದ ಗುರುತು ಕಂಡರೆ ಆ ಮರ ಅಲ್ಲೇ ಇರುತ್ತದೆ.

ನಮ್ಮಲ್ಲಿ ಒಬ್ಬನೇ ಕೊಯ್ಯಬಾರದು ಎಂಬ ಕಟ್ಟು ಬಂದದ್ದು ನನ್ನಿಂದ. 2016ರ ಆಗಸ್ಟ್. ಜಂಬೆ ಮರ ತೋಟದ ದಾರಿಗೆ ಅಡ್ಡ ಬಿದ್ದಿತ್ತು. ಭಾನುವಾರ, ಯಾರನ್ನು ಕರೆಯುವುದು ಎಂದು ಒಬ್ಬನೇ ಹೋದೆ. ಕೊಂಬೆ ಸವರುತ್ತಿದ್ದಾಗ ಬಾರಿನ ಮೂತಿಯ ಮೇಲ್ಭಾಗ ಎಲೆಯ ಮರೆಯಲ್ಲಿದ್ದ ಇನ್ನೊಂದು ಕೊಂಬೆಗೆ ತಾಗಿತು. ಏನಾಯಿತು ಎಂದು ತಿಳಿಯುವ ಮೊದಲೇ ಬಾರ್ ಮುಖದ ಎತ್ತರಕ್ಕೆ ಹಾರಿತ್ತು. ಹಿಡಿಯ ಮುಂದಿನ ಗಾರ್ಡು ಎಡಗೈ ಮಣಿಕಟ್ಟಿಗೆ ಬಡಿದು ಬ್ರೇಕು ಬಿತ್ತು, ಚೈನು ನಿಂತಿತು. ಕೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿ ಹಲ್ಲುಗಳನ್ನು ನೋಡಿದೆ. ಆಫ್ ಮಾಡಿ ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಕಾಲು ನಡುಗುತ್ತಿತ್ತು.

ಎಷ್ಟು ಹೊತ್ತಾಯಿತೋ, ಗುಡ್ಡದ ಆಚೆಯಿಂದ ‘ಕೂ...’ ಎಂದು ಕೇಳಿತು. ಕೆಳಮನೆ ಅಣ್ಣನ ದನಿ. ನಮ್ಮ ಗುಡ್ಡದಲ್ಲಿ ನೆಟ್‌ವರ್ಕ್ ಇಲ್ಲ, ಈಗಲೂ ಕೂ ಹಾಕಿಯೇ ಕರೆಯುವುದು. ನನಗೆ ತಿರುಗಿ ಕೂ ಹಾಕಲು ದನಿ ಬರಲಿಲ್ಲ. ಕಾಲು ಗಂಟೆಯಲ್ಲಿ ಅವರು ತೊಡೆಯವರೆಗೆ ಕೆಸರು ಮಾಡಿಕೊಂಡು ಸಂಕ ದಾಟಿ ಬಂದರು. ‘ಕೊಯ್ತಾ ಇದ್ದ ಸದ್ದು ನಡುವೆ ಕತ್ತರಿಸಿದ ಹಾಗೆ ನಿಂತ್ಹೋಯ್ತು ಮಾರಾಯ. ಮುಗಿಸಿ ನಿಲ್ಲಿಸಿದ್ದಲ್ಲ ಅನ್ನಿಸ್ತು’ ಎಂದರು. ಬೈಯಲಿಲ್ಲ. ಸಂಚಿಯಿಂದ ಕವಳ ಕಟ್ಟಿ ಕೊಟ್ಟು, ನನ್ನ ಮಿಷನ್ ತೆಗೆದುಕೊಂಡು ಉಳಿದ ಕೊಂಬೆ ಅವರೇ ಸವರಿದರು.

ಅಂದಿನಿಂದ ಲುಂಗಿ ಉಟ್ಟವನ ಕೈಗೆ ನಮ್ಮಲ್ಲಿ ಮಿಷನ್ ಕೊಡುವುದಿಲ್ಲ. ಐದೂ ಮನೆಯವರು ದುಡ್ಡು ಹಾಕಿ ಜಾಲರಿಯ ಹೆಲ್ಮೆಟ್ಟು, ಕಾಲಿಗೆ ಕಟ್ಟುವ ಕಾಪು ಎರಡು ಜೊತೆ ತಂದೆವು. ಚೈನು ತಾಗಿದರೆ ಆ ಕಾಪಿನೊಳಗಿನ ನೂಲು ಎಳೆ ಎಳೆಯಾಗಿ ಹೊರಬಂದು ಚೈನು ಓಡಿಸುವ ಗಾಲಿಗೆ ಸುತ್ತಿಕೊಂಡು ಚೈನನ್ನೇ ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಸೆಕೆ ತಡೆಯಲಾಗುವುದಿಲ್ಲ, ಆದರೂ ಕಟ್ಟಿಕೊಳ್ಳುತ್ತೇವೆ. ಸದ್ದು ನಡುವೆ ನಿಂತರೆ ಯಾರಿಗೆ ಕೇಳಿತೋ ಅವರು ಒಂದು ಕೂ ಹಾಕಬೇಕು, ಕೊಯ್ಯುವವ ಒಂದು ಕೂ ತಿರುಗಿಸಬೇಕು. ಉತ್ತರ ಬರದಿದ್ದರೆ ಕೈಲಿದ್ದ ಕೆಲಸ ಬಿಟ್ಟು ಹೊರಡುವುದು.

ಕೊಯ್ದದ್ದನ್ನು ಹಸಿ ಇರುವಾಗಲೇ ಸೀಳಬೇಕು. ಅಕೇಶಿಯಾ ಒಣಗಿದ ಮೇಲೆ ಕೊಡಲಿಯ ಮಾತು ಕೇಳುವುದಿಲ್ಲ. ಒಟ್ಟುವಾಗ ನೆಲಕ್ಕೆ ಎರಡು ಅಡಿಕೆ ದಬ್ಬೆ ಹಾಕಿ, ಗಾಳಿಯಾಡಲು ಸಂದು ಬಿಟ್ಟು, ಮೇಲಿನ ಸಾಲಿನ ತೊಗಟೆ ಆಕಾಶಕ್ಕೆ. ಒಣಗಿದ ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತದೆ, ಹಸಿಯಾದರೆ ದಪ್ ಎನ್ನುತ್ತದೆ. ನನ್ನ ಹೆಂಡತಿ ಒಲೆಗೆ ಹಾಕುವ ಮೊದಲು ಇವತ್ತಿಗೂ ಬಡಿದು ನೋಡುತ್ತಾಳೆ.

ಚಿಕ್ಕಯ್ಯನಿಗೆ ಈಗ ಮಂಡಿ ನೋವು, ಗುಡ್ಡ ಹತ್ತುವುದಿಲ್ಲ. ಜಗಲಿಯ ಮೇಲೆ ಕೂತು ಕೇಳುತ್ತಾರೆ. ಹೋದ ಫೆಬ್ರವರಿಯಲ್ಲಿ ನಾನು ಅವರ ಮನೆಯ ಮೇಲಿನ ಬೆಟ್ಟದಲ್ಲಿ ಮತ್ತಿ ಕೊರಡು ಕೊಯ್ಯುತ್ತಿದ್ದೆ. ಗುರುತು ಹಾಕುತ್ತಿದ್ದ ಹುಡುಗ ನನ್ನ ಹೆಗಲು ತಟ್ಟಿ ಕೆಳಗೆ ಕೈ ತೋರಿಸಿದ. ಮಿಷನ್ ನಿಲ್ಲಿಸಿ ಕಿವಿಯ ಮುಚ್ಚಳ ತೆಗೆದೆ. ಜಗಲಿಯಿಂದ ಮೂರು ಸಣ್ಣ ಕೂ ಬಂತು. ಅದು ಅವರೊಬ್ಬರೇ ಹಾಕುವ ಕೂ. ಚೈನು ಮೊಂಡಾಗಿದೆ, ಸದ್ದು ಎಳೆಯುತ್ತಿದೆ ಎಂದು ಅರ್ಥ. ಒಂದು ಹಲ್ಲನ್ನು ಬಿಸಿಲಿಗೆ ತಿರುಗಿಸಿದೆ. ಅಂಚಿನಲ್ಲಿ ಬಿಳಿ ಗೆರೆ ಇತ್ತು. ಕೊರಡಿನ ಮೇಲೆ ಕೂತು ಜೇಬಿನಿಂದ ಅರ ತೆಗೆದೆ.