ಹಳೇ ಎಂಜಿಬಿಯಲ್ಲಿ ಕೆಂಪು ಲೈಟ್ ಹತ್ತಿದರೆ: ಆಲ್ಟರ್ನೇಟರ್ ಬಿಚ್ಚುವ ಮುಂಚೆ ಇಷ್ಟು ನೋಡಿ

ಗಾಡಿ ಓಡುತ್ತಿರುವಾಗ ಡ್ಯಾಶ್‌ಬೋರ್ಡ್‌ನಲ್ಲಿ ಚಾರ್ಜಿಂಗ್‌ನ ಕೆಂಪು ಲೈಟ್ ಹತ್ತಿಕೊಂಡಿತು ಅಂದರೆ ತುಂಬಾ ಜನ ಸೀದಾ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ) ಬಿಚ್ಚಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸದು ಹಾಕಿದ ಮೇಲೂ ಲೈಟ್ ಉರಿಯುತ್ತಲೇ ಇದ್ದರೆ ದುಡ್ಡೂ ಹೋಯಿತು, ಗಾಡಿ ಜೊತೆ ಬಂದ ಒರಿಜಿನಲ್ ಪಾರ್ಟೂ ಹೋಯಿತು. ಆ ಲೈಟ್ ಯಾವಾಗ ಹತ್ತುತ್ತದೆ, ಜೋರಾಗಿ ಉರಿಯುತ್ತದೋ ಮಂದವಾಗಿ ಉರಿಯುತ್ತದೋ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಉಳಿದರ್ಧಕ್ಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

ಎಂಜಿಬಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಇದು. 5 ಲಕ್ಷಕ್ಕೂ ಜಾಸ್ತಿ ಗಾಡಿ ಹೊರಬಂದವು, ಬಹುಪಾಲು ಅಮೆರಿಕಕ್ಕೆ ಹೋದವು. ಹಾಗಂತ ನಮಗೆ ತೀರಾ ಹೊರಗಿನದೇನಲ್ಲ. ಇದರ 1798 ಸಿಸಿ ಎಂಜಿನ್ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್, ನಮ್ಮ ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ವಂಶದ್ದು. ಅಂಬಾಸಿಡರ್ ಮೇಲೆ ಕೈ ಪಳಗಿದ ಮೆಕ್ಯಾನಿಕ್ ಎಂಜಿಬಿಯ ಬಾನೆಟ್ ಎತ್ತಿದರೆ ಯಾವುದು ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ.

ಮೊದಲು ನಿಮ್ಮ ಗಾಡಿ ಯಾವ ಕಾಲದ್ದು ಅಂತ ಖಚಿತ ಮಾಡಿಕೊಳ್ಳಿ. 1967ರ ಕೊನೆಯವರೆಗೆ ಬಂದ ಎಂಜಿಬಿಗಳಲ್ಲಿ ಇದ್ದದ್ದು ಡೈನಮೋ (ಆಲ್ಟರ್ನೇಟರ್‌ಗೂ ಮುಂಚಿನ ಹಳೇ ಥರದ ಜನರೇಟರ್), ಅದೂ ಪಾಸಿಟಿವ್ ಅರ್ಥ್. ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುತ್ತದೆ. ಆಮೇಲಿನವು ಆಲ್ಟರ್ನೇಟರ್, ನೆಗೆಟಿವ್ ಅರ್ಥ್. ಆದರೆ ಇಷ್ಟು ವರ್ಷದಲ್ಲಿ ಎಷ್ಟೋ ಹಳೇ ಗಾಡಿಗಳನ್ನು ಆಲ್ಟರ್ನೇಟರ್‌ಗೆ ಬದಲಾಯಿಸಿದ್ದಾರೆ. ಹಾಗಾಗಿ ಆರ್‌ಸಿಯಲ್ಲಿರುವ ವರ್ಷ ನಂಬಬೇಡಿ, ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಬೋಲ್ಟ್ ಆಗಿದೆ ಅಂತ ಕಣ್ಣಾರೆ ನೋಡಿ. ಇದು ತಪ್ಪಿದರೆ ಆಲ್ಟರ್ನೇಟರ್‌ನ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಲೈಟ್ ಏನು ಹೇಳುತ್ತಿದೆ?

ಈ ಬಲ್ಬ್ ಬರೀ ಸೂಚನೆ ಕೊಡುವ ಬಲ್ಬ್ ಅಲ್ಲ, ಚಾರ್ಜಿಂಗ್ ಸರ್ಕ್ಯೂಟ್‌ನ ಒಂದು ಭಾಗವೇ ಹೌದು. ಇದಕ್ಕೆ ಒಂದು ಕಡೆಯಿಂದ ಇಗ್ನಿಷನ್ ಕೀ ಮೂಲಕ ಬ್ಯಾಟರಿ ಕರೆಂಟ್ ಬರುತ್ತದೆ. ಇನ್ನೊಂದು ಕಡೆಯಿಂದ ಕಂದು-ಹಳದಿ ವೈರ್ ಹೊರಟು ಆಲ್ಟರ್ನೇಟರ್ ಸೇರುತ್ತದೆ. ನಡುವೆ ಪೈಪ್ ಹಾಕಿದ ಎರಡು ನೀರಿನ ಡ್ರಮ್ ಇದ್ದ ಹಾಗೆ: ಎರಡೂ ಕಡೆ ಮಟ್ಟ ಒಂದೇ ಇದ್ದರೆ ನೀರು ಹರಿಯುವುದಿಲ್ಲ. ಆಲ್ಟರ್ನೇಟರ್ ಸರಿಯಾಗಿ ಕೆಲಸ ಮಾಡುವಾಗ ಎರಡೂ ಕಡೆ 14 ವೋಲ್ಟ್ ಹತ್ತಿರ ಇರುತ್ತದೆ, ಲೈಟ್ ಆರುತ್ತದೆ. ವ್ಯತ್ಯಾಸ ಹುಟ್ಟಿದರೆ ಲೈಟ್ ಹತ್ತುತ್ತದೆ, ವ್ಯತ್ಯಾಸ ಹೆಚ್ಚಿದಷ್ಟೂ ಬೆಳಕು ಜಾಸ್ತಿ.

ಇನ್ನೊಂದು ಮುಖ್ಯ ವಿಷಯ. ಆಲ್ಟರ್ನೇಟರ್ ಎಚ್ಚರವಾಗಬೇಕಾದರೆ ಅದರ ಒಳಗೆ ತಿರುಗುವ ರೋಟರ್‌ಗೆ ಮೊದಲು ಸ್ವಲ್ಪ ಕರೆಂಟ್ ಬೇಕು. ಆ ಕರೆಂಟ್ ಹೋಗುವುದೇ ಈ 2.2 ವ್ಯಾಟ್ ಬಲ್ಬ್ ಮೂಲಕ. ಬಲ್ಬ್ ಸುಟ್ಟಿದ್ದರೆ ಆಲ್ಟರ್ನೇಟರ್ ಚೆನ್ನಾಗಿದ್ದರೂ ಚಾರ್ಜ್ ಮಾಡದೇ ಇರಬಹುದು, ಅಥವಾ ಆಕ್ಸಿಲರೇಟರ್ ಚೆನ್ನಾಗಿ ಒತ್ತಿದ ಮೇಲಷ್ಟೇ ಶುರುವಾಗಬಹುದು. ಇಲ್ಲಿಗೆ ಎಲ್‌ಇಡಿ ಹಾಕಿದರೂ ಇದೇ ತೊಂದರೆ, ಯಾಕೆಂದರೆ ಎಲ್‌ಇಡಿ ಮೂಲಕ ಹೋಗುವ ಕರೆಂಟ್ ಸಾಲುವುದಿಲ್ಲ. ಡ್ಯಾಶ್‌ಬೋರ್ಡ್‌ನ ಬೇರೆ ಬಲ್ಬ್‌ಗಳನ್ನು ಬೇಕಾದರೆ ಬದಲಾಯಿಸಿಕೊಳ್ಳಿ, ಇದೊಂದನ್ನು ಹಳೇ ಥರದ್ದೇ ಇರಲು ಬಿಡಿ.

ಈಗ ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಲೈಟ್ ಜೋರಾಗಿ ಹತ್ತಬೇಕು. ಹತ್ತಲಿಲ್ಲವಾ? ಆಲ್ಟರ್ನೇಟರ್ ಹಿಂದಿನ ಪ್ಲಗ್ ಕಿತ್ತು, ಕೀ ಆನ್ ಇಟ್ಟುಕೊಂಡೇ, ಕಂದು-ಹಳದಿ ವೈರ್‌ನ ತುದಿಯನ್ನು ಒಂದು ಸಣ್ಣ ವೈರ್‌ನಿಂದ ಎಂಜಿನ್ ಬಾಡಿಗೆ ಮುಟ್ಟಿಸಿ. ಅದೇ ಪ್ಲಗ್‌ನಲ್ಲಿರುವ ದಪ್ಪ ಕಂದು ವೈರ್ ಮಾತ್ರ ಎಲ್ಲಿಗೂ ತಾಗಬಾರದು, ಅದರಲ್ಲಿ ಕೀ ಆಫ್ ಇದ್ದರೂ ಬ್ಯಾಟರಿ ಕರೆಂಟ್ ಇರುತ್ತದೆ. ಲೈಟ್ ಈಗ ಹತ್ತಿದರೆ ಬಲ್ಬೂ ವೈರೂ ಸರಿ ಇವೆ, ತೊಂದರೆ ಆಲ್ಟರ್ನೇಟರ್ ಒಳಗೆ, ಹೆಚ್ಚಾಗಿ ಬ್ರಷ್‌ನಲ್ಲಿ (ತಿರುಗುವ ರೋಟರ್‌ಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು). ಹತ್ತದಿದ್ದರೆ ಬಲ್ಬ್, ಹೋಲ್ಡರ್ ಅಥವಾ ವೈರ್ ನೋಡಿ. ಇನ್ನು, ಪ್ಲಗ್ ಕಿತ್ತು ಸುಮ್ನೆ ಬಿಟ್ಟಾಗಲೂ ಲೈಟ್ ಉರಿಯುತ್ತಿದ್ದರೆ ಆ ವೈರ್ ದಾರಿಯಲ್ಲಿ ಎಲ್ಲೋ ಉಜ್ಜಿ ಬಾಡಿಗೆ ತಾಗಿದೆ ಅಂತಲೇ ಅರ್ಥ.

ಕೀ ತೆಗೆದ ಮೇಲೂ ಲೈಟ್ ಮಿಣುಕುತ್ತಿದ್ದರೆ ಡಯೋಡ್ ಹೋಗಿದೆ. ರಾತ್ರಿ ಬ್ಯಾಟರಿ ವೈರ್ ತೆಗೆದಿಡಿ, ಇಲ್ಲದಿದ್ದರೆ ಬೆಳಿಗ್ಗೆಗೆ ಬ್ಯಾಟರಿ ಖಾಲಿ.

ಬೆಲ್ಟ್, ಆಮೇಲೆ ಬ್ಯಾಟರಿ

ಓಡಿಸುವಾಗ ಲೈಟ್ ಇದ್ದಕ್ಕಿದ್ದ ಹಾಗೆ ಜೋರಾಗಿ ಹತ್ತಿದರೆ ತಕ್ಷಣ ಟೆಂಪರೇಚರ್ ಮುಳ್ಳು ನೋಡಿ. ಎಂಜಿಬಿಯಲ್ಲಿ ಆಲ್ಟರ್ನೇಟರ್ ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾಗಿದ್ದರೆ ಎಂಜಿನ್ ಬಿಸಿಯಾಗಲು ಹೆಚ್ಚು ಹೊತ್ತು ಬೇಕಿಲ್ಲ, ಬದಿಗೆ ಹಾಕಿ ನಿಲ್ಲಿಸಿಬಿಡಿ. (ಗಾಳಿಯಿಂದ ತಣ್ಣಗಾಗುವ ಹಳೇ ಪೋರ್ಷೆ 911 ಇದ್ದವರಿಗಂತೂ ಈ ಮಾತು ಇನ್ನೂ ಮುಖ್ಯ. ಅದರಲ್ಲಿ ಕೂಲಿಂಗ್ ಫ್ಯಾನ್ ಕೂತಿರುವುದೇ ಆಲ್ಟರ್ನೇಟರ್ ಶಾಫ್ಟ್ ಮೇಲೆ. ಕೆಂಪು ಲೈಟ್ ಕಂಡ ಜಾಗದಲ್ಲೇ ಎಂಜಿನ್ ಆಫ್ ಮಾಡಿ.)

ಬೆಲ್ಟ್ ಇದ್ದರೂ ಸಡಿಲವಾಗಿರಬಹುದು. ಎರಡು ಪುಲ್ಲಿಗಳ ನಡುವೆ ಅತಿ ಉದ್ದ ಇರುವ ಕಡೆ ಹೆಬ್ಬೆರಳಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ಜಾಸ್ತಿ ಬಗ್ಗಿದರೆ ಜಾರುತ್ತದೆ. ಅಷ್ಟೂ ಬಗ್ಗದ ಹಾಗೆ ಬಿಗಿ ಮಾಡಿದರೆ ಪಂಪ್‌ನ ಬೇರಿಂಗ್ ಹಾಳಾಗುತ್ತದೆ. ಬೆಲ್ಟ್‌ನ ಒಳಬದಿಯನ್ನೂ ತಿರುಗಿಸಿ ನೋಡಿ, ಗಾಜಿನ ಹಾಗೆ ಹೊಳೆಯುತ್ತಿದ್ದರೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ, ಬದಲಾಯಿಸಿ.

ಬ್ಯಾಟರಿ ಇರುವುದು ಸೀಟಿನ ಹಿಂದೆ, ಕಾರ್ಪೆಟ್ ಕೆಳಗಿನ ಮುಚ್ಚಳದೊಳಗೆ. ಕ್ರೋಮ್ ಬಂಪರ್ ಇದ್ದ ಗಾಡಿಗಳಲ್ಲಿ, ಅಂದರೆ 1974ರವರೆಗೆ, 6 ವೋಲ್ಟ್‌ನ ಎರಡು ಬ್ಯಾಟರಿ ಜೋಡಿಸಿರುತ್ತಿದ್ದರು. ರಬ್ಬರ್ ಬಂಪರ್ ಬಂದ ಮೇಲೆ 12 ವೋಲ್ಟ್‌ನದು ಒಂದೇ. ಈ ಜಾಗಕ್ಕೆ ಕೈ ಹಾಕುವುದೇ ಕಷ್ಟ, ಹಾಗಾಗಿ ವರ್ಷಗಟ್ಟಲೆ ಯಾರೂ ತೆರೆದು ನೋಡಿರುವುದಿಲ್ಲ. ಮುಚ್ಚಳ ತೆಗೆದರೆ ಕ್ಲಾಂಪ್ ಮೇಲೆ ಹಸಿರು ಮಿಶ್ರಿತ ಬಿಳಿ ಪುಡಿ ಗುಪ್ಪೆಯಾಗಿರುತ್ತದೆ, ಎರಡು ಬ್ಯಾಟರಿ ಜೋಡಿಸುವ ಕೇಬಲ್ ಕೈಯಲ್ಲಿ ಅಲ್ಲಾಡಿಸಿದರೇ ತಿರುಗುತ್ತಿರುತ್ತದೆ. ಉಂಗುರ, ವಾಚು ತೆಗೆದಿಟ್ಟು, ಅರ್ಥ್ ಕೇಬಲ್ ಮೊದಲು ಬಿಚ್ಚಿ, ಎಲ್ಲವನ್ನೂ ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಗಟ್ಟಿಯಾಗಿ ಬಿಗಿ ಮಾಡಿ.

ಗಾಡಿ ರಾತ್ರಿಯಿಡೀ ನಿಂತ ಮೇಲೆ ಅಳೆದರೆ 12.6 ವೋಲ್ಟ್ ಆಸುಪಾಸು ಬರಬೇಕು. 12.2 ಅಂದರೆ ಸುಮಾರು ಅರ್ಧ ಚಾರ್ಜ್. ಎರಡು ಬ್ಯಾಟರಿ ಇದ್ದರೆ ಬೇರೆ ಬೇರೆಯಾಗಿ ಅಳೆಯಿರಿ. ಒಂದು 6.3 ತೋರಿಸಿ ಇನ್ನೊಂದು 5.8 ತೋರಿಸಿದರೆ ಎರಡನೆಯದರ ಮೇಲೆ ಅನುಮಾನ ಪಡಿ. ಬ್ಯಾಟರಿ ಸತ್ತಿದ್ದರೆ ಚಾರ್ಜರ್ ಹಾಕಿ ತುಂಬಿಸಿಕೊಂಡೇ ಮುಂದಿನ ಪರೀಕ್ಷೆಗೆ ಹೋಗಿ, ಇಲ್ಲದಿದ್ದರೆ ಮುಂದೆ ಬರುವ ಅಂಕಿಗಳನ್ನೆಲ್ಲ ನಂಬುವ ಹಾಗಿಲ್ಲ.

ಎಂಜಿನ್ ಓಡಿಸಿ ಅಳೆಯುವುದು

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಸಡಿಲವಾದ ತೋಳು, ಶಾಲು ಯಾವುದೂ ಫ್ಯಾನ್ ಹತ್ತಿರ ಬೇಡ. ಎಂಜಿನ್ ವೇಗವನ್ನು 2000 ಆರ್‌ಪಿಎಂ ಹತ್ತಿರ ಇಟ್ಟು ಬ್ಯಾಟರಿ ಮೇಲೆ ಮೀಟರ್ ಹಿಡಿಯಿರಿ. 13.6ರಿಂದ 14.4 ಬಂದರೆ ಚಾರ್ಜ್ ಆಗುತ್ತಿದೆ. 13ಕ್ಕಿಂತ ಕೆಳಗಿದ್ದರೆ ಆಗುತ್ತಿಲ್ಲ. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೈಕೊಟ್ಟಿದೆ, ಹಾಗೇ ಓಡಿಸಿದರೆ ಬ್ಯಾಟರಿ ಕುದಿದು ಆಸಿಡ್ ಹೊರಬರುತ್ತದೆ.

ಕಡಿಮೆ ಬಂತು ಅಂದ ಕೂಡಲೇ ಆಲ್ಟರ್ನೇಟರ್ ಮೇಲೆ ತಪ್ಪು ಹೊರಿಸಬೇಡಿ. ಈ ಗಾಡಿಯಲ್ಲಿ ಆಲ್ಟರ್ನೇಟರ್ ಮುಂದೆ, ಬ್ಯಾಟರಿ ಹಿಂದೆ. ಕರೆಂಟ್ ಕಂದು ವೈರ್ ಹಿಡಿದು ಸ್ಟಾರ್ಟರ್ ಮೋಟಾರ್‌ನ ಸೊಲೆನಾಯ್ಡ್‌ಗೆ (ಸ್ಟಾರ್ಟರ್ ಆನ್ ಮಾಡುವ ಸ್ವಿಚ್) ಬಂದು, ಅಲ್ಲಿಂದ ದಪ್ಪ ಕೇಬಲ್‌ನಲ್ಲಿ ಗಾಡಿಯ ಕೆಳಗೆ ಹಾಯ್ದು ಸೀಟಿನ ಹಿಂದಕ್ಕೆ ಹೋಗಬೇಕು. ಐವತ್ತು ವರ್ಷ ಮಳೆ, ಎಣ್ಣೆ, ಕೆಸರು ತಿಂದ ಜೋಡಣೆಗಳು ಈ ದಾರಿಯುದ್ದಕ್ಕೂ ಇವೆ, ಮತ್ತು ತುಂಬಾ ಸಲ ರೋಗ ಇರುವುದು ಇಲ್ಲೇ.

ಹೆಡ್‌ಲೈಟ್ ಹಾಕಿ. ಎಂಜಿನ್ ಅದೇ ವೇಗದಲ್ಲಿರಲಿ. ಮೀಟರ್‌ನ ಒಂದು ಕಡ್ಡಿಯನ್ನು ಆಲ್ಟರ್ನೇಟರ್‌ನ ದಪ್ಪ ಕಂದು ವೈರ್ ಇರುವ ಟರ್ಮಿನಲ್‌ಗೆ, ಇನ್ನೊಂದನ್ನು ಉದ್ದದ ವೈರ್ ಕಟ್ಟಿ ಬ್ಯಾಟರಿಯ ಪ್ಲಸ್‌ಗೆ ಹಿಡಿಯಿರಿ. ಮೀಟರ್ ತೋರಿಸುವುದು ದಾರಿಯಲ್ಲಿ ಪೋಲಾಗುತ್ತಿರುವ ವೋಲ್ಟೇಜ್. ಅರ್ಧ ವೋಲ್ಟ್‌ಗಿಂತ ಜಾಸ್ತಿ ಇದ್ದರೆ ಒಂದೊಂದೇ ಜೋಡಣೆ ದಾಟುತ್ತಾ ಬನ್ನಿ, ಎಲ್ಲಿ ಅಂಕಿ ನೆಗೆಯುತ್ತದೋ ಅಲ್ಲಿ ಬಿಚ್ಚಿ ಸ್ವಚ್ಛ ಮಾಡಿ. ಆಲ್ಟರ್ನೇಟರ್‌ನ ಪ್ಲಗ್‌ನ್ನೂ ನೋಡಿ. ಅದನ್ನು ಹಿಡಿದಿಡುವ ತಂತಿಯ ಕ್ಲಿಪ್ ಕಳೆದುಹೋಗಿದ್ದರೆ ಎಂಜಿನ್ ನಡುಕಕ್ಕೆ ಪ್ಲಗ್ ಮೆಲ್ಲಗೆ ಹೊರಗೆ ಸರಿಯುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಮಾತ್ರ ಲೈಟ್ ಹತ್ತಿ ಆರುತ್ತದೆ ಅನ್ನುವ ಗಾಡಿಗಳಲ್ಲಿ ಮೊದಲು ಇದನ್ನೇ ಹುಡುಕಬೇಕು.

ಇದೇ ಪರೀಕ್ಷೆಯನ್ನು ಅರ್ಥ್ ಕಡೆಗೂ ಮಾಡಿ: ಆಲ್ಟರ್ನೇಟರ್ ಮೈಯಿಂದ ಬ್ಯಾಟರಿ ಮೈನಸ್‌ಗೆ. ಕಾಲು ವೋಲ್ಟ್ ದಾಟಬಾರದು. ದಾಟಿದರೆ ಎಂಜಿನ್ನಿಂದ ಬಾಡಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿ ನೋಡಿ. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ, ಕರೆಂಟ್‌ಗೆ ಇರುವ ಸರಿಯಾದ ದಾರಿ ಈ ಪಟ್ಟಿಯೊಂದೇ. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸ ಆದ ಮೇಲೆ ಇದನ್ನು ವಾಪಸ್ ಹಾಕುವುದನ್ನೇ ಮರೆಯುತ್ತಾರೆ. ಆಗ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಹರಿಯುತ್ತದೆ. ಸ್ಟಾರ್ಟ್ ಮಾಡುವಾಗ ಚೋಕ್ ಕೇಬಲ್ ಬೆಚ್ಚಗಾಗುತ್ತಿದ್ದರೆ ಬೇರೇನೂ ಹುಡುಕಬೇಕಿಲ್ಲ, ಗಾಡಿ ಕೆಳಗೆ ಹೋಗಿ ಆ ಪಟ್ಟಿ ನೋಡಿ.

ಲೈಟ್ ಪೂರ್ತಿ ಹತ್ತದೆ ಮಂದವಾಗಿ ಮಿನುಗಿ, ಹೆಡ್‌ಲೈಟ್, ಹೀಟರ್ ಹಾಕಿದಾಗ ಜಾಸ್ತಿಯಾಗುತ್ತದೆ ಅಂದರೆ ಕಾರಣ ಎರಡು ಇರಬಹುದು. ಒಂದು, ಕಂದು ವೈರ್ ಅಥವಾ ಇಗ್ನಿಷನ್ ಸ್ವಿಚ್‌ನ ಸಂಪರ್ಕ ಸವೆದು ಬಲ್ಬ್‌ನ ಒಂದು ಕಡೆ ವೋಲ್ಟೇಜ್ ಇಳಿದಿರುವುದು. ಇನ್ನೊಂದು, ಡಯೋಡ್. ಎರಡನ್ನೂ ಬೇರೆ ಮಾಡಲು ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಎಸಿ ಕಂಡರೆ ಡಯೋಡ್ ಹೋಗಿರುವ ಸಾಧ್ಯತೆ ದೊಡ್ಡದು.

ಒಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು "ಗಾಡಿ ನಿಲ್ಲಲಿಲ್ಲ, ಅಂದರೆ ಚಾರ್ಜಿಂಗ್ ಸರಿ ಇದೆ" ಅನ್ನುವ ಪರೀಕ್ಷೆ ಈಗಲೂ ಗ್ಯಾರೇಜ್‌ಗಳಲ್ಲಿ ನಡೆಯುತ್ತದೆ. ಡೈನಮೋ ಕಾಲದ ಅಭ್ಯಾಸ ಅದು. ಆಲ್ಟರ್ನೇಟರ್‌ಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಮೇಲೆ ಹಾರಿ ಡಯೋಡೂ ರೆಗ್ಯುಲೇಟರೂ ಸುಟ್ಟುಹೋಗುತ್ತವೆ. ಯಾರಾದರೂ ಮಾಡಲು ಬಂದರೆ ಕೈ ಹಿಡಿದು ನಿಲ್ಲಿಸಿ.

ಕೊನೆಗೂ ಆಲ್ಟರ್ನೇಟರೇ ಅಂತಾದರೆ

ಎಂಜಿಬಿಗೆ ಹೆಚ್ಚಾಗಿ ಹಾಕುತ್ತಿದ್ದದ್ದು ಲೂಕಸ್ ಕಂಪನಿಯ ಎಸಿಆರ್ ಸರಣಿ. 16ಎಸಿಆರ್ 34 ಆಂಪಿಯರ್, 18ಎಸಿಆರ್ 45 ಆಂಪಿಯರ್ ಕೊಡುತ್ತದೆ. ರೆಗ್ಯುಲೇಟರ್, ಬ್ರಷ್, ಡಯೋಡ್ ಎಲ್ಲ ಹಿಂದಿನ ಪ್ಲಾಸ್ಟಿಕ್ ಮುಚ್ಚಳದ ಒಳಗೇ ಇವೆ. ಬ್ಯಾಟರಿಯ ಅರ್ಥ್ ಕೇಬಲ್ ತೆಗೆದು, ಮುಚ್ಚಳ ಬಿಚ್ಚಿ ಬ್ರಷ್ ನೋಡಿ. ಹೋಲ್ಡರ್‌ನಿಂದ ಹೊರಗೆ 5 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ, ಅಥವಾ ಬೆರಳಿಂದ ಒತ್ತಿ ಬಿಟ್ಟಾಗ ಸ್ಪ್ರಿಂಗ್ ಮೇಲೆ ಚಿಮ್ಮದಿದ್ದರೆ ಬದಲಾಯಿಸಿ. ಬ್ರಷ್ ಉಜ್ಜುವ ತಾಮ್ರದ ರಿಂಗ್ ಕಪ್ಪಾಗಿದ್ದರೆ ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೇ ಮುಚ್ಚಳ ಹಾಕಿ. ಬ್ರಷ್, ರೆಗ್ಯುಲೇಟರ್ ಬಿಡಿಯಾಗಿ ಸಿಗುತ್ತವೆ. ಡಯೋಡ್ ಪ್ಯಾಕ್ ಬದಲಾಯಿಸಲು ಬೆಸುಗೆ ಹಾಕಬೇಕು, ಅದನ್ನು ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರೋಡ್‌ಗೆ ಹೋಗುವಾಗ ಹಳೇ ಪಾರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅಳತೆ ಅಲ್ಲೇ ಹೋಲಿಸಿ ನೋಡಬಹುದು.

ಡೈನಮೋ ಇದ್ದವರಿಗೆ ದಾರಿ ಬೇರೆ. ನಿಧಾನ ಓಟದಲ್ಲಿ ಲೈಟ್ ಸ್ವಲ್ಪ ಮಿನುಗಿ, ರೈಸ್ ಮಾಡಿದ ಕೂಡಲೇ ಆರಿದರೆ ಅದು ಕೆಡುಕಲ್ಲ, ಡೈನಮೋ ಸ್ವಭಾವವೇ ಹಾಗೆ. ಲೈಟ್ ಆರುವುದೇ ಇಲ್ಲ ಅಂದರೆ ಡಿ ಮತ್ತು ಎಫ್ ಅಂತ ಗುರುತಿರುವ ಎರಡೂ ವೈರ್ ತೆಗೆದು, ಆ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರ್‌ನಿಂದ ಸೇರಿಸಿ, ಅಲ್ಲಿಂದ ಬಾಡಿಗೆ ಮೀಟರ್ ಹಿಡಿದು ವೇಗವನ್ನು ಮೆಲ್ಲಗೆ ಏರಿಸಿ. 1000 ಆರ್‌ಪಿಎಂ ಒಳಗೆ ವೋಲ್ಟೇಜ್ ಸರಾಗವಾಗಿ 20ರ ಹತ್ತಿರ ಏರಿದರೆ ಡೈನಮೋ ಗಟ್ಟಿ ಇದೆ, ರೆಗ್ಯುಲೇಟರ್ ಡಬ್ಬಿ ಕಡೆ ನೋಡಿ. ಅದಕ್ಕಿಂತ ಜಾಸ್ತಿ ವೇಗಕ್ಕೆ ಹೋಗಬೇಡಿ. ಏನೂ ಬಾರದಿದ್ದರೆ ಬ್ರಷ್, 1 ವೋಲ್ಟ್ ಆಸುಪಾಸು ನಿಂತರೆ ಡೈನಮೋ ಒಳಗೆ ಅಯಸ್ಕಾಂತದ ಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲ್.

ರಿಪೇರಿ ಆದ ಮೇಲೆ ಹೆಡ್‌ಲೈಟ್, ವೈಪರ್, ಹೀಟರ್ ಎಲ್ಲ ಹಾಕಿ ಮತ್ತೊಮ್ಮೆ ವೋಲ್ಟೇಜ್ ಅಳೆಯಿರಿ. 2000 ಆರ್‌ಪಿಎಂನಲ್ಲಿ 13.5ಕ್ಕಿಂತ ಕೆಳಗೆ ಇಳಿಯದಿದ್ದರೆ ಸಾಕು. ಹೊಸ ಬೆಲ್ಟ್ ಹಾಕಿದ್ದರೆ ಸ್ವಲ್ಪ ದೂರ ಓಡಿಸಿ ತಂದು ಬಿಗಿ ಇನ್ನೊಮ್ಮೆ ನೋಡಿ, ಮೊದಲ ಓಟದಲ್ಲಿ ಅದು ಹಿಗ್ಗುತ್ತದೆ.