ಮಕ್ಕಳನ್ನು ಕಟ್ಟಿಕೊಂಡು ಹೊಸ ಮನೆಗೆ: ಕಲ್ಯಾಣಪುರದಲ್ಲಿ ನಮ್ಮ ಮೊದಲ ಮಳೆಗಾಲ

ಸಣ್ಣ ಮಕ್ಕಳಿರುವವರು ನಮ್ಮ ಕರಾವಳಿಯಲ್ಲಿ ಮನೆ ಬದಲಿಸುವುದಿದ್ದರೆ ಏಪ್ರಿಲ್‌ನಲ್ಲಿ ಬದಲಿಸಿ ಎಂದು ಯಾರು ಕೇಳಿದರೂ ಹೇಳುತ್ತೇನೆ. ಸೆಖೆ ಹೌದು, ಸಾಮಾನು ಹೊತ್ತು ಹೈರಾಣಾಗುವುದೂ ಹೌದು. ಆದರೆ ಆಗ ಶಾಲೆಗೆ ರಜೆ. ಬಾವಿಯಲ್ಲಿ ನೀರು ತೀರಾ ಇಳಿದಿರುವ ಹೊತ್ತಾದ್ದರಿಂದ ಮನೆಯ ನಿಜವಾದ ನೀರಿನ ಲೆಕ್ಕ ಕಣ್ಣಿಗೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆ ಹಿಡಿಯುವ ಮೊದಲು ಮನೆಯನ್ನೂ ಮಕ್ಕಳನ್ನೂ ಹೊಂದಿಸಿಕೊಳ್ಳಲು ಒಂದೂವರೆ ತಿಂಗಳು ಸಿಗುತ್ತದೆ.

ನಾವು ಮಂಗಳೂರಿನ ಬಿಜೈಯ ಫ್ಲ್ಯಾಟ್ ಬಿಟ್ಟು ಉಡುಪಿ ಹತ್ತಿರದ ಕಲ್ಯಾಣಪುರಕ್ಕೆ ಬಂದದ್ದು ವಿಷು ಕಳೆದ ಮೇಲೆ. ಮಗಳಿಗೆ ಆಗ ಐದು ವರ್ಷ, ಮಗನಿಗೆ ಒಂದೂವರೆ. ಮನೆ ನಮಗೆ ಹೊಸತೇ ಹೊರತು ಕಟ್ಟಿದ್ದು ಹಳೆಯದು. ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು, ಕಾವಿ ನೆಲ, ಹಿಂದೆ ಬಾವಿ, ಸುತ್ತ ಒಂದಿಷ್ಟು ತೆಂಗು, ಅಡಿಕೆ. ನನ್ನ ಗಂಡನಿಗೆ ಮಣಿಪಾಲದಲ್ಲಿ ಕೆಲಸ, ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮನೆ ಒಕ್ಕಲಿನ ದಿನ ಬಂದವರೆಲ್ಲ ಸೋಫಾ ಎಲ್ಲಿ ಇಡುತ್ತೀರಿ, ಟಿವಿ ಎಲ್ಲಿ ಎಂದು ಕೇಳಿದರು. ಅಷ್ಟು ಹೊತ್ತಿಗೆ ನಾವು ತೀರ್ಮಾನ ಮಾಡಿಯಾಗಿತ್ತು: ಮೊದಲು ನೀರು, ಆಮೇಲೆ ಮಕ್ಕಳ ನಿದ್ದೆ, ಆಮೇಲೆ ನೆರೆಕರೆ. ಸೋಫಾ, ಕಪಾಟು ಎಲ್ಲ ಮಳೆಗಾಲ ಕಳೆದ ಮೇಲೆ.

ಮುಂಗಡ ಕೊಡುವ ಮೊದಲೇ ಆಚೀಚೆ ಮನೆಯವರಲ್ಲಿ ಕೇಳಿದ ಪ್ರಶ್ನೆ ಒಂದೇ. 2020ರ ಸೆಪ್ಟೆಂಬರ್ 20ರಂದು ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಆ ಭಾನುವಾರದ ನೆರೆಯನ್ನು ಉಡುಪಿಯವರು ಯಾರೂ ಮರೆತಿಲ್ಲ. ಕಲ್ಯಾಣಪುರ ಸ್ವರ್ಣಾ ನದಿಯ ದಂಡೆಯ ಊರು. ಕೆಳಗಿನ ಗದ್ದೆಗಳೆಲ್ಲ ಮುಳುಗಿದ್ದವು, ಈ ಮನೆಯ ಗೇಟಿನ ತನಕವೂ ಬಂದಿರಲಿಲ್ಲ ಎಂದು ಮೂರು ಮನೆಯವರು ಬೇರೆ ಬೇರೆಯಾಗಿ ಹೇಳಿದ ಮೇಲೆಯೇ ನಮಗೆ ಧೈರ್ಯ ಬಂದದ್ದು. ಇಂಥದ್ದನ್ನು ಬ್ರೋಕರ್ ಹತ್ತಿರ ಕೇಳಿ ಉಪಯೋಗವಿಲ್ಲ, ಪಕ್ಕದ ಮನೆಯ ಅಜ್ಜಿಯರ ಹತ್ತಿರವೇ ಕೇಳಬೇಕು.

ಇನ್ನು ಬಾವಿ. ಉಡುಪಿ ನಗರದ ನಳ್ಳಿಗೆ ಬಹುಕಾಲದಿಂದ ನೀರು ಬಂದದ್ದು ಇದೇ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಬೇಸಗೆ ಜೋರಾದ ವರ್ಷ ಅಲ್ಲಿಯೂ ನೀರು ತಳ ಕಾಣುತ್ತದೆ, ಆಗ ಮನೆಯ ಬಾವಿಯೇ ಗತಿ. ಹಾಗಾಗಿ ಸಾಮಾನಿನ ಲಾರಿ ಬರುವ ಮೊದಲು ಬಾವಿಯ ಕೆಲಸ ಮುಗಿಸಿದೆವು. ಕಟ್ಟೆ ನನ್ನ ಸೊಂಟದೆತ್ತರ ಇತ್ತು. ಅದು ದೊಡ್ಡವರಿಗೆ ಸಾಕು, ಬಕೆಟ್ ಕವುಚಿ ಹಾಕಿ ಅದರ ಮೇಲೆ ಹತ್ತಿ ನಿಲ್ಲುವ ಮಗುವಿಗೆ ಸಾಲದು. ವೆಲ್ಡಿಂಗ್‌ನವರನ್ನು ಕರೆಸಿ ಇಡೀ ಬಾಯಿಗೆ ಕಬ್ಬಿಣದ ಜಾಲರಿ ಮಾಡಿಸಿದೆವು. ನೀರು ಸೇದುವಷ್ಟೇ ಜಾಗಕ್ಕೆ ಸಣ್ಣ ಬಾಗಿಲು, ಅದಕ್ಕೆ ಬೀಗ. ಬೀಗದ ಕೈ ಅಡುಗೆಮನೆಯ ಎತ್ತರದ ಮೊಳೆಯಲ್ಲಿ. ಮೇಲಿಂದ ಎಲೆ ಬೀಳದ ಹಾಗೆ ನೈಲಾನ್ ಬಲೆ ಬೇರೆ. ಬಲೆ ಮಾತ್ರ ಹಾಕಿ ಸುಮ್ಮನಿರುವ ಮನೆಗಳು ನಮ್ಮಲ್ಲಿ ತುಂಬ ಇವೆ. ಬಲೆ ಎಲೆಯನ್ನು ತಡೆಯುತ್ತದೆ, ಮಗುವನ್ನು ತಡೆಯುವುದಿಲ್ಲ.

ಬಾವಿ ಕೆಲವು ಕಾಲ ಬಳಕೆಯಲ್ಲಿ ಇರಲಿಲ್ಲವಾದ್ದರಿಂದ ಕೆಸರು ತೆಗೆಸಿ, ಬ್ಲೀಚಿಂಗ್ ಪೌಡರ್ ಹಾಕಿದೆವು. ಇದನ್ನು ಮುಷ್ಟಿಯ ಅಂದಾಜಿನಲ್ಲಿ ಹಾಕುವವರೇ ಹೆಚ್ಚು. ಲೆಕ್ಕ ಕಷ್ಟದ್ದಲ್ಲ. 1,000 ಲೀಟರ್ ನೀರಿಗೆ ಒಳ್ಳೆಯ ಪೌಡರ್ ಎರಡೂವರೆ ಗ್ರಾಂ ಸಾಕು. ಎರಡು ಮೀಟರ್ ಅಡ್ಡಳತೆಯ ಬಾವಿಯಲ್ಲಿ ಮೂರು ಮೀಟರ್ ನೀರು ನಿಂತಿದ್ದರೆ ಸುಮಾರು 9,400 ಲೀಟರ್ ಆಗುತ್ತದೆ, ಅಂದರೆ 24 ಗ್ರಾಂ ಆಸುಪಾಸು. ಪೌಡರನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ ಹತ್ತು ನಿಮಿಷ ಬಿಡಬೇಕು. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗಿಳಿಸಿ ನೀರಿನೊಳಗೆ ಮೇಲೆ ಕೆಳಗೆ ಆಡಿಸಬೇಕು. ಅಡಿಯ ಸುಣ್ಣವನ್ನು ಬಾವಿಗೆ ಸುರಿಯಬಾರದು. ಒಂದು ಗಂಟೆಯಾದರೂ ನೀರು ಸೇದಬಾರದು, ಅದಕ್ಕೇ ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಸುಲಭ. ಇಷ್ಟಾದರೂ ಮಕ್ಕಳಿಗೆ ಕುಡಿಯಲು ಕೊಡುವುದು ಕುದಿಸಿ ಆರಿಸಿದ ನೀರೇ. ನಮ್ಮ ಕೆಂಪುಕಲ್ಲಿನ ನೆಲದಲ್ಲಿ ನೀರು ಸುಲಭವಾಗಿ ಇಳಿದು ಹರಿಯುತ್ತದೆ. ಪಾಯಿಖಾನೆಯ ಗುಂಡಿಗೂ ಬಾವಿಗೂ ನಡುವೆ 15 ಮೀಟರ್ ದೂರವಾದರೂ ಇದೆಯೇ ಎಂದು ಅಳೆದು ನೋಡಿಯೇ ಮನೆ ಒಪ್ಪಿಕೊಂಡದ್ದು.

ಬಾವಿಯಷ್ಟೇ ಹೆದರಿಕೆ ನನಗೆ ಬಚ್ಚಲಿನದ್ದು. ಫ್ಲ್ಯಾಟ್‌ನಲ್ಲಿ ನಳ್ಳಿ ತಿರುಗಿಸಿದರೆ ನೀರು, ತುಂಬಿಸಿಡುವ ಅಭ್ಯಾಸವೇ ಇರಲಿಲ್ಲ. ಇಲ್ಲಿ ಹಂಡೆ, ಬಕೆಟ್, ಡ್ರಮ್ ಎಲ್ಲದರಲ್ಲೂ ನೀರು. ಒಂದೂವರೆ ವರ್ಷದ ಮಗು ಬಕೆಟ್ಟಿಗೆ ತಲೆ ಕೆಳಗಾಗಿ ಬಿದ್ದರೆ ತಾನಾಗಿ ಏಳಲಾರದು, ಕೆಲವೇ ಇಂಚು ನೀರಿದ್ದರೂ ಸಾಕು. ಸದ್ದೂ ಕೇಳುವುದಿಲ್ಲ. ಬಚ್ಚಲ ಬಾಗಿಲಿಗೆ ಹೊರಗಿನಿಂದ, ನಮ್ಮ ತಲೆಯೆತ್ತರದಲ್ಲಿ ಚಿಲಕ ಹಾಕಿಸಿದೆವು. ಮಿಂದು ಬಂದವರು ಬಕೆಟ್ ಕವುಚಿಟ್ಟು, ಚಿಲಕ ಹಾಕಿಯೇ ಬರಬೇಕು. ಅತ್ತೆಯೂ ಇದನ್ನು ಒಂದು ದಿನವೂ ತಪ್ಪಿಸಿಲ್ಲ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಹಾಕಿಸಿ, ಅರ್ತಿಂಗ್ ನೋಡಿಸಿ. ಹಳೆಯ ಮನೆಯಾದರೆ ಇದು ಬೇಕೇ ಬೇಕು. ಮೇ ತಿಂಗಳ ಸಿಡಿಲಿಗೆ ಪ್ಲಗ್ ಕಿತ್ತಿಡುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮಕ್ಕಳ ನಿದ್ದೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮನೆ ಒಗ್ಗುವುದೋ ಬಿಡುವುದೋ ತೀರ್ಮಾನವಾಗುವುದು ರಾತ್ರಿ. ನಡುವಿನ ಒಂದು ಕೋಣೆಯನ್ನು ಮೊದಲ ದಿನವೇ ಪೂರ್ತಿ ಮುಗಿಸಿದೆವು. ಉಳಿದ ಕಡೆ ಪೆಟ್ಟಿಗೆಗಳ ರಾಶಿ ಇರಲಿ, ಆ ಕೋಣೆಯಲ್ಲಿ ಮಾತ್ರ ಹಳೆಯ ಹಾಸಿಗೆ, ಹಳೆಯದೇ ಬೆಡ್‌ಶೀಟ್, ಹಳೆಯ ಸಣ್ಣ ದೀಪ. ಬೆಡ್‌ಶೀಟನ್ನು ಬೇಕೆಂದೇ ಒಗೆಯದೆ ತಂದಿದ್ದೆ. ಮಗ ಅದನ್ನು ಮೂಗಿಗೆ ಒತ್ತಿಕೊಂಡೇ ಮಲಗುವವನು, ಮೊದಲ ವಾರ ಹೊಸ ವಾಸನೆಗಳ ನಡುವೆ ಅವನಿಗೆ ಅದೊಂದು ಗುರುತಾದರೂ ಇರಲಿ ಎಂದು. ಹಾಲು ಬಿಡಿಸುವುದು, ಬೇರೆ ಮಲಗಿಸುವುದು, ಚಡ್ಡಿ ಅಭ್ಯಾಸ, ಇದ್ಯಾವುದನ್ನೂ ಆ ತಿಂಗಳು ಮುಟ್ಟಲಿಲ್ಲ. ಊಟವೂ ಹಾಗೆಯೇ. ಕುಚ್ಚಲಕ್ಕಿ ಗಂಜಿ, ತುಪ್ಪ, ಹೆಸರುಕಾಳಿನ ಗಸಿ, ಹೊತ್ತಿಗೆ ಸರಿಯಾಗಿ. ಸಾಮಾನು ಬಿಚ್ಚುವ ಗಡಿಬಿಡಿಯಲ್ಲಿ ಹೋಟೆಲಿನಿಂದ ತರಿಸುವುದು ದೊಡ್ಡವರಿಗೆ ಮಾತ್ರ ಎಂದು ಇಟ್ಟುಕೊಂಡೆವು.

ಮಗಳದ್ದು ಬೇರೆ ಕತೆ. ಹಗಲೆಲ್ಲ ಅಂಗಳದಲ್ಲಿ ಕುಣಿಯುವವಳು ಕತ್ತಲಾದೊಡನೆ "ಅಮ್ಮ, ನಮ್ಮ ಮನೆಗೆ ಹೋಗುವ" ಎನ್ನುತ್ತಿದ್ದಳು. ಇದೇ ನಮ್ಮ ಮನೆ ಎಂದು ವಾದ ಮಾಡಲು ನಾನು ಹೋಗಲಿಲ್ಲ. ಐದು ವರ್ಷದ ಮಗುವಿಗೂ ಬಿಟ್ಟು ಬಂದ ಮನೆಯ ಬೇಸರ ಇರುತ್ತದೆ, ಅದನ್ನು ಒಪ್ಪಿಕೊಂಡರೆ ಅರ್ಧ ಇಳಿಯುತ್ತದೆ. ಅವಳ ಹೆದರಿಕೆ ಏನೆಂದು ಕೂತು ಕೇಳಿದಾಗ ತಿಳಿದದ್ದು, ಸದ್ದುಗಳು. ಫ್ಲ್ಯಾಟ್‌ನಲ್ಲಿ ಲಿಫ್ಟಿನ ಸದ್ದು, ಬಸ್ಸಿನ ಹಾರನ್ನು. ಇಲ್ಲಿ ಹೆಂಚಿನ ಮೇಲೆ ಏನೋ ಓಡುತ್ತದೆ, ಏನೋ ದಡಕ್ಕನೆ ಬೀಳುತ್ತದೆ.

ನನ್ನ ಗಂಡ ಒಂದು ಕ್ರಮ ಮಾಡಿದರು. ಊಟವಾದ ಮೇಲೆ ಅಪ್ಪ ಮಗಳು ಟಾರ್ಚ್ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಒಂದು ಸುತ್ತು. ಒಂದೊಂದು ಸದ್ದು ಕೇಳಿದಾಗಲೂ ನಿಂತು, ಅದು ಯಾರದ್ದೆಂದು ಹುಡುಕುವುದು. ಹೆಂಚಿನ ಮೇಲೆ ಓಡುವುದು ಇಲಿ. ದಡಕ್ ಎಂದದ್ದು ಒಣಗಿದ ಮಡಲು. ದೂರದ ಕೂಗು ಕೊಂಕಣ ರೈಲಿನದ್ದು. ಮೇ ತಿಂಗಳಾದ್ದರಿಂದ ಪತ್ತನಾಜೆಯವರೆಗೆ, ಅಂದರೆ ತಿಂಗಳ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನದವರೆಗೆ, ಎಲ್ಲಾದರೂ ಯಕ್ಷಗಾನದ ಆಟ ಇದ್ದೇ ಇರುತ್ತಿತ್ತು, ಗಾಳಿ ಈ ಕಡೆ ಬಂದರೆ ಚೆಂಡೆಯ ಪೆಟ್ಟು ಮಲಗುವ ಕೋಣೆಗೇ ಕೇಳುತ್ತಿತ್ತು. ಒಂದು ರಾತ್ರಿ ಆ ಚೆಂಡೆಯನ್ನು ಹುಡುಕಿಕೊಂಡೇ ಹೋಗಿ, ಗದ್ದೆಯಲ್ಲಿ ಚಾಪೆ ಹಾಸಿ ಕೂತು, ಬಣ್ಣದ ವೇಷ ನೋಡಿ ಬಂದರು. ಆಮೇಲಿನಿಂದ ಅವಳೇ ತಮ್ಮನಿಗೆ ಹೇಳತೊಡಗಿದಳು, "ಅದು ಮಡಲು ಮಾರಾಯ, ಹೆದರಬೇಡ." ಮಳೆ ಬಂದ ಮೇಲೆ ಕಪ್ಪೆಗಳು ಶುರುವಾದಾಗ ನಾವು ಹೇಳಿಕೊಡುವುದು ಏನೂ ಉಳಿದಿರಲಿಲ್ಲ.

ನೆರೆಕರೆಯವರು ಇಲ್ಲದೆ ಹೋಗಿದ್ದರೆ ಇದ್ಯಾವುದೂ ಇಷ್ಟು ಸಲೀಸಾಗುತ್ತಿರಲಿಲ್ಲ. ಪಕ್ಕದ ಮನೆಯ ಅಕ್ಕ ಮೊದಲ ವಾರವೇ ಬೇಲಿಯ ಆಚೆಯಿಂದ ಕೂಗಿ ಹೇಳಿದರು, "ಮಳೆ ಹಿಡಿಯುವ ಮೊದಲು ಅಂಗಳಕ್ಕೆ ಸೋಗೆ ಹಾಸಿ ಆಯ್ತಾ, ಮಕ್ಕಳು ಜಾರಿ ಬಿದ್ರೆ ಮತ್ತೆ ಕಷ್ಟ ಮಾರಾಯ್ರೆ." ಜೂನ್‌ನ ಎರಡನೇ ವಾರಕ್ಕೆ ಅಂಗಳ ಪಾಚಿಗಟ್ಟಿ ಎಣ್ಣೆ ಹಚ್ಚಿದ ಹಾಗಾಗುತ್ತದೆ. ಅಡಿಕೆ ಸೋಗೆ ಹಾಸಿದ ದಾರಿಯಲ್ಲಿ ಮಾತ್ರ ಮಗ ಇವತ್ತಿಗೂ ನಿರ್ಭಯವಾಗಿ ಓಡುತ್ತಾನೆ. ಕಾಯಿ ಕೊಯ್ಯುವವರ ನಂಬರ್ ಕೊಟ್ಟದ್ದೂ ಅವರೇ. ಅಂಗಳಕ್ಕೆ ವಾಲಿದ ಮರಗಳ ಕಾಯಿಯನ್ನೂ ಒಣ ಮಡಲನ್ನೂ ಮಳೆಗೆ ಮೊದಲು ಇಳಿಸಲೇಬೇಕು. ಹೆಂಚು ಕೈಯಾಡಿಸುವವರು, ಹಾವು ಹಿಡಿಯುವವರು, ರಾತ್ರಿ ಕರೆದರೆ ಬರುವ ರಿಕ್ಷಾದವರು, ಇವರೆಲ್ಲರ ನಂಬರು ಫ್ರಿಜ್ಜಿನ ಬಾಗಿಲಿಗೆ ಅಂಟಿದ ಒಂದೇ ಹಾಳೆಯಲ್ಲಿವೆ. ಜೊತೆಗೆ ಆಂಬುಲೆನ್ಸ್‌ನ 108, ತಂತಿ ಬಿದ್ದರೆ ಮೆಸ್ಕಾಂನ 1912. ಕಟ್ಟಿಗೆ ರಾಶಿ, ಒಡೆದ ಹೆಂಚಿನ ರಾಶಿಗಳನ್ನು ಮನೆಯಿಂದ ದೂರಕ್ಕೆ ಸಾಗಿಸಿದೆವು, ಹಾವು ಅಡಗುವುದು ಅಲ್ಲೇ.

ಅಂಗನವಾಡಿಗೆ ಹೋಗಿ ಹೆಸರು ಬರೆಸಿದ್ದು ಬಹಳ ಒಳ್ಳೆಯದಾಯಿತು. ಮನೆ ಬದಲಿಸುವ ಗಲಾಟೆಯಲ್ಲಿ ಚುಚ್ಚುಮದ್ದು ಮರೆತುಹೋಗುವುದು ಸಾಮಾನ್ಯ. ಮಗನಿಗೆ ಒಂದೂವರೆ ವರ್ಷದ ಬೂಸ್ಟರ್, ಮಗಳಿಗೆ ಐದು ವರ್ಷದ್ದು, ಎರಡೂ ಅದೇ ಹೊತ್ತಿಗೆ ಬಂದಿದ್ದವು. ತಾಯಿ ಕಾರ್ಡ್ ಹಿಡಿದುಕೊಂಡು ಹೋದರೆ ಯಾವ ಊರಿನ ಸರಕಾರಿ ಆರೋಗ್ಯ ಕೇಂದ್ರದಲ್ಲಾದರೂ ಉಚಿತವಾಗಿ ಹಾಕುತ್ತಾರೆ, ವಿಳಾಸ ಬದಲಾಗಿದೆ ಎಂದು ಕಾಯಬೇಕಾಗಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅಂಗಳವೆಲ್ಲ ಸುತ್ತಿ, ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ಹೂಕುಂಡದ ತಟ್ಟೆ ತೋರಿಸಿ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ ಎಂದರು. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ ಹತ್ತು ದಿನ ಬೇಕಲ್ಲ, ಹಾಗಾಗಿ ವಾರಕ್ಕೊಮ್ಮೆ ಎಲ್ಲವನ್ನೂ ಕವುಚಿ ಹಾಕಿದರೆ ಆಯಿತು. ನಮ್ಮಲ್ಲಿ ಅದು ಭಾನುವಾರ ಬೆಳಗ್ಗಿನ ಮಗಳ ಕೆಲಸ. ಗೆರಟೆ ಹುಡುಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಟ್ಯಾಂಕಿಯ ಮುಚ್ಚಳ ಸರಿಯಾಗಿ ಕೂರುವುದೇ ಎಂದೂ ಹತ್ತಿ ನೋಡಬೇಕು. ಮಲೇರಿಯಾ ಏನೆಂದು ಮಂಗಳೂರಿನಲ್ಲಿದ್ದವರಿಗೆ ಹೇಳಬೇಕಾಗಿಲ್ಲ.

ಗ್ಯಾಸ್, ಆಧಾರ್, ಬ್ಯಾಂಕು ಇವೆಲ್ಲ ನಿಧಾನವಾಗಿ ಆದವು, ಆಗುತ್ತವೆ.

ಮಳೆ ಹಿಡಿದ ಮೇಲೆ ನಿಜವಾದ ಕೆಲಸ ಬಟ್ಟೆಯದ್ದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ಗೂ ಮೇಲೆ ಬೀಳುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಸಣ್ಣ ಮಗುವಿನ ಚಡ್ಡಿ, ಬಟ್ಟೆ ದಿನಕ್ಕೆಷ್ಟು ಎಂದು ತಾಯಂದಿರಿಗೆ ಗೊತ್ತು. ಬಚ್ಚಲೊಲೆಯ ಮೇಲ್ಗಡೆ ಬಿದಿರಿನ ಗಳು ಕಟ್ಟಿ, ಹಂಡೆ ಕಾಯುವ ಶಾಖದಲ್ಲೇ ಮಕ್ಕಳ ಬಟ್ಟೆ ಒಣಗಿಸಿದೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಆದರೆ ಹಸಿ ಬಟ್ಟೆ ಹಾಕುವುದಕ್ಕಿಂತ ಸಾವಿರ ಪಾಲು ವಾಸಿ. ಪೆಟ್ಟಿಗೆಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಟ್ಟು, ಗೋಡೆಯಿಂದ ಒಂದು ಗೇಣು ದೂರ ಸರಿಸಿದ್ದರಿಂದ ಬೂಷ್ಟು ಹಿಡಿಯಲಿಲ್ಲ. ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನಗಳಿಗೆಂದು ಕೆಲವು ಆಟಿಕೆ ಪೆಟ್ಟಿಗೆಗಳನ್ನು ಬಿಚ್ಚದೇ ಉಳಿಸಿಟ್ಟಿದ್ದೆ. ಒಂದೊಂದು ರಜೆಗೆ ಒಂದೊಂದು ಪೆಟ್ಟಿಗೆ. ಮರೆತೇ ಹೋಗಿದ್ದ ಗೊಂಬೆ ಸಿಕ್ಕಿದಾಗ ಇಬ್ಬರಿಗೂ ಇಡೀ ದಿನ ಬೇರೆ ಏನೂ ಬೇಡ.

ಕಪಾಟು ಮಾಡಿಸುವ ಮಾತನ್ನು ಆಚಾರಿಯವರ ಹತ್ತಿರ ಎತ್ತಿದಾಗ ಅವರೂ ಅದನ್ನೇ ಹೇಳಿದರು, ಮಳೆಯಲ್ಲಿ ಮರ ಉಬ್ಬುತ್ತದೆ, ಈಗ ಅಳತೆಗೆ ಸರಿಯಾಗಿ ಕೂರಿಸಿದರೆ ಬೇಸಗೆಯಲ್ಲಿ ಸಂದು ಬಿಡುತ್ತದೆ, ದೀಪಾವಳಿ ಕಳೆಯಲಿ. ಅಷ್ಟರೊಳಗೆ ಯಾರ ಬಟ್ಟೆ ಎಲ್ಲಿ, ಆಟಿಕೆ ಎಲ್ಲಿ, ಓದುವ ಮೂಲೆ ಎಲ್ಲಿ ಎಂದು ಮಕ್ಕಳೇ ತೋರಿಸಿಕೊಟ್ಟಿದ್ದರು. ನವೆಂಬರಿನಲ್ಲಿ ಆಚಾರಿಯವರು ಟೇಪು ಹಿಡಿದು ಬಂದಾಗ, ಕಪಾಟಿನ ಅಡಿಯ ಎರಡು ಖಾನೆ ಮಗನ ಕೈಗೆಟುಕುವಂತೆ, ಇಡೀ ಕಪಾಟು ಗೋಡೆಗೆ ಬಿಗಿದಿರುವಂತೆ ಮಾಡಲು ಹೇಳಿದೆವು.